ಬೆಲ್ಲದ ಗಂಟು

ಜಂಬಮ್ಮನ ತಂಗಿ ಶಿವಬಸಮ್ಮ ಎರಡನೆಯ ಹೆರಿಗೆಯಲ್ಲಿ ಹಸುಗೂಸಿನೊಂದಿಗೇ ತೀರಿಕೊಂಡಾಗ ಅವಳ ಮೊದಲ ಮಗಳು ಗ್ಯಾನಮ್ಮ ಇನ್ನೂ ಮೊಲೆ ಬಿಟ್ಟಿರಲಿಲ್ಲ. ತಂದೆ ಮರಿಸ್ವಾಮಿ ಗೊರೇಬಾಳದಿಂದ ಮಸ್ಕಿಗೆ ಬಂದು ಕೂಸನ್ನು ಜಂಬಮ್ಮನ ಉಡಿಯಲ್ಲಿಟ್ಟು, "ಇದಕ್ಕ ನೀವ ದಿಕ್ಕರಿ, ಅಕ್ಕಾರ" ಎಂದು ಹೊರಟುಹೋದ.

ಜಂಬಮ್ಮ ಮದುವೆಯಾದ ಹೊಸದರಲ್ಲೇ ಗಂಡನನ್ನು ಕಳೆದುಕೊಂಡವಳು. ಅರಳೆ ಬಿಡಿಸಿ, ನೂಲು ತೆಗೆದು ಒಬ್ಬಳೇ ಬದುಕುತ್ತಿದ್ದಳು. ಕೆಲವು ದಿನ ಬೆಳಗಿನಿಂದ ಬೈಗಿನವರೆಗೆ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಮಾತಾಡಿಸುವವರಾದರೂ ಯಾರಿದ್ದರು?

ದೀಪ ಹಚ್ಚುವ ಹೊತ್ತಾದರೆ ಕೂಸು ಅವ್ವನನ್ನು ಹುಡುಕಿ ಅಳುತ್ತಿತ್ತು. ಎತ್ತಿಕೊಂಡರೆ ಒದೆಯುತ್ತಿತ್ತು. ದಿಕ್ಕು ತೋಚದೆ ಜಂಬಮ್ಮ ಅರಿವೆಯ ತುಂಡಿನಲ್ಲಿ ಬೆಲ್ಲ ಕಟ್ಟಿ ಅದರ ಬಾಯಿಗಿಟ್ಟಳು. ಕೂಸು ಚೀಪುತ್ತ ಚೀಪುತ್ತ ಅವಳ ಎದೆಗೊರಗಿ ನಿದ್ದೆಹೋಯಿತು. ಅದರ ಬಿಸಿಯುಸಿರು ಕುತ್ತಿಗೆಗೆ ತಾಗುತ್ತಿದ್ದರೆ ಜಂಬಮ್ಮ ಮಿಸುಕಾಡದೆ ಕೂತಿದ್ದಳು. ಅಂದಿನಿಂದ ದಿನವೂ ಬೆಲ್ಲದ ಗಂಟು. ಅದು ಬಾಯಲ್ಲಿದ್ದಂತೆಯೇ ಬೆಳಗಾಗುತ್ತಿತ್ತು.

ಮಗುವಿಗೆ ಮೂರು ತುಂಬುವಷ್ಟರಲ್ಲಿ ಮೇಲಿನ ಮುಂಬಲ್ಲುಗಳು ಸವೆದು ಕಪ್ಪು ಮೊಳೆಗಳಂತಾದವು. ನೆರೆಮನೆಯ ಗದ್ದೆಮ್ಮ ನೋಡಿ, "ಹಾಲಹಲ್ಲು ಅವು. ಬೀಳ್ತಾವ, ಬ್ಯಾರೆ ಹುಟ್ತಾವ. ಅದಕ್ಯಾಕ ಚಿಂತಿ ಮಾಡ್ತಿ?" ಎಂದಳು. ಹಾಗೆ ನಂಬುವುದು ಜಂಬಮ್ಮನಿಗೂ ಹಿತವಾಗಿತ್ತು.

ಸುಗ್ಗಿಯ ಹೊತ್ತಿಗೆ ಮಗುವಿನ ಮೇಲ್ದುಟಿ ಬಾತು ಜ್ವರ ಬಂತು. ಅಂಬಲಿಯೂ ಒಳಗೆ ಇಳಿಯಲಿಲ್ಲ. ಹಲ್ಲಿನ ಹುಳ ಬೀಳುತ್ತದೆಂದು ಗದ್ದೆಮ್ಮ ಕೆಂಡದ ಮೇಲೆ ಯಾವುದೋ ಬೀಜ ಸುಟ್ಟು ಹೊಗೆ ಕೊಟ್ಟಳು. ಹುಳ ಬೀಳಲಿಲ್ಲ, ಮಗು ಕೆಮ್ಮಿ ಸುಸ್ತಾಯಿತು. ಮರುದಿನ ಜಂಬಮ್ಮ ಹತ್ತಿ ಹೇರಿದ ಬಂಡಿಯೊಂದರಲ್ಲಿ ಜಾಗ ಬೇಡಿ, ಮಗುವನ್ನು ಲಿಂಗಸುಗೂರಿನ ದವಾಖಾನೆಗೆ ಒಯ್ದಳು.

ಡಾಕ್ಟರ್ ಸಾಹೇಬರು ಉರ್ದುವಿನಲ್ಲಿ ಕೇಳಿದ್ದನ್ನು ಅಲ್ಲಿನ ಆಯಾ ಮಕ್ತುಂಬೀ ಕನ್ನಡದಲ್ಲಿ ಹೇಳಿದಳು. "ಮಲಗೂವಾಗ ಬಾಯಾಗ ಏನರ ಇಡ್ತಿ ಏನವ್ವ?"

"ಬೆಲ್ಲದ ಗಂಟರಿ."

ಸಾಹೇಬರು ಕೆಟ್ಟ ಹಲ್ಲೆರಡನ್ನು ಕಿತ್ತರು. ಕೀವು ಹೊರಬಂತು. ಜಂಬಮ್ಮ ಮಗುವನ್ನು ಅವುಚಿ ಹಿಡಿದು ಸೆರಗಿನಿಂದ ಅದರ ಬಾಯಿ ಒರೆಸಿದಳು.

"ಹುಳ ಗಿಳ ಏನಿಲ್ಲ," ಎಂದಳು ಮಕ್ತುಂಬೀ. "ರಾತ್ರೆಲ್ಲಾ ಬೆಲ್ಲ ಹತ್ತಿಕೊಂಡಿದ್ದರ ಹಲ್ಲು ಹುಳುಕಾಗತೈತಿ ಅಂತಾರ ಸಾಹೇಬ್ರು. ಬುಡಕ್ಕ ಕೀವಾದರ ಒಳಗಿನ ಹೊಸ ಹಲ್ಲಿಗೂ ಪೆಟ್ಟು. ಗಂಟು ಇವತ್ತ ಬಿಡಸು. ಮುಂಜಾನಿ ಸಂಜಿ ಮೆತ್ತನ ಅರಿವಿಲೆ ಹಲ್ಲು ಒರಸು. ಒರಸಿದ ಮ್ಯಾಲ ನೀರು ಬಿಟ್ಟರ ಏನೂ ಕೊಡಬ್ಯಾಡ."

"ಬೆಲ್ಲ ಇಲ್ಲಂದರ ಅದು ನನ್ನ ಹತ್ರ ಬರೂದಿಲ್ರಿ," ಎಂದಳು ಜಂಬಮ್ಮ ಮೆಲ್ಲಗೆ.

ಆ ಮಾತನ್ನು ಮಕ್ತುಂಬೀ ಸಾಹೇಬರಿಗೆ ತಿಳಿಸಲಿಲ್ಲ. ಸುಮ್ಮನೆ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಊರಿಗೆ ಬಂದ ಮೇಲೆ ಜಂಬಮ್ಮ ಮಕ್ತುಂಬೀ ಹೇಳಿದಂತೆ ಮಾಡಿದಳು. ಮಗು ಗಂಟಿಗಾಗಿ ಅತ್ತು ಅತ್ತು, ಗೋಡೆಯ ಕಡೆ ಮುಖಮಾಡಿ ಮಲಗುತ್ತಿತ್ತು. ಹಲ್ಲೊರೆಸಲು ಹೋದರೆ ಬೆರಳು ಕಚ್ಚುತ್ತಿತ್ತು. "ಹಡದಾಕಿ ಇದ್ದಿದ್ದರ ಹಿಂಗ ಅಳಸ್ತಿದ್ದಳೇನು?" ಎಂದು ಗದ್ದೆಮ್ಮ ಅವಳ ಎದುರಿಗೇ ಅಂದಳು. ಜಂಬಮ್ಮ ಅರಿವೆ ತೊಯಿಸಿಕೊಂಡು ಮತ್ತೆ ಮಗುವಿನ ಹತ್ತಿರ ಕೂತಳು. ಬಾವು ಇಳಿಯಿತು, ಮಗು ರೊಟ್ಟಿ ತಿನ್ನತೊಡಗಿತು. ಬರುಬರುತ್ತ ಅರಿವೆ ಕಂಡರೆ ತಾನೇ ಬಾಯಿ ತೆರೆಯುತ್ತಿತ್ತು. ಆದರೆ ಎದೆಗೊರಗಲು ಮಾತ್ರ ಮತ್ತೆ ಬರಲಿಲ್ಲ.

ಅಷ್ಟರಲ್ಲಿ ಮರಿಸ್ವಾಮಿ ಇನ್ನೊಂದು ಮದುವೆಯಾಗಿ, ಹೊಸ ಹೆಂಡತಿ ಅಯ್ಯಮ್ಮನೊಡನೆ ಮಗಳನ್ನು ಕರೆದೊಯ್ಯಲು ಬಂದ. ಅಪ್ಪ ತಂದ ಬತ್ತಾಸು ಹಿಡಿದು ಮಗು ಕುಣಿಯುತ್ತ ಬಂಡಿ ಹತ್ತಿತು. ಜಂಬಮ್ಮ ಅಯ್ಯಮ್ಮನನ್ನು ಪಕ್ಕಕ್ಕೆ ಕರೆದಳು.

"ಸೀ ತಿನಿಸು ಕೊಟ್ಟರ ಊಟದ ಜೋಡಿ ಕೊಡು, ತಂಗಿ. ಮಲಗೂವಾಗ ಬ್ಯಾಡ."

ಅಯ್ಯಮ್ಮ ಇನ್ನೂ ಎಳೆಯ ಹುಡುಗಿ. ಅಂಜುತ್ತ ಕೇಳಿದಳು, "ಅತ್ತರ ಏನ ಮಾಡ್ಲಿರಿ?"

ಜಂಬಮ್ಮ ಬಂಡಿಯಲ್ಲಿದ್ದ ಮಗುವಿನ ಕಡೆ ನೋಡಿದಳು. "ಹತ್ರ ಕುಂದ್ರು. ಒದ್ದರೂ ಎದ್ದು ಹೋಗಬ್ಯಾಡ."

ಕೆಲವು ವರ್ಷಗಳಾದ ಮೇಲೆ ಮಸ್ಕಿ ಸಂತೆಗೆ ಬಂದ ಮರಿಸ್ವಾಮಿ ಮಗಳನ್ನು ಬಾಗಿಲ ತನಕ ಕರೆತಂದ. ಹುಡುಗಿ ಅಪ್ಪನ ಹಿಂದೆ ಅಡಗಿ, "ಯಾರಪ್ಪ ಇವರು?" ಎಂದು ಕೇಳಿದಳು.

"ನಿಮ್ಮ ದೊಡ್ಡವ್ವ."

ಹುಡುಗಿ ಬಾಗಿ ಕಾಲು ಮುಟ್ಟಿದಳು. ಜಂಬಮ್ಮ ಅವಳ ಗದ್ದ ಹಿಡಿದು ಬೆಳಕಿಗೆ ಎತ್ತಿದಳು. ಮುಂದೆ ಹೊಸ ಹಲ್ಲೆರಡು ಅಗಲವಾಗಿ, ಬೆಳ್ಳಗೆ ಮೂಡಿದ್ದವು. ಒಂದು ಕೊಂಚ ವಾರೆ. ನೋಡಿ ಕೈಬಿಟ್ಟಳು.

"ಕುಂದ್ರಿ, ರೊಟ್ಟಿ ಮಾಡ್ತೀನಿ."

"ಬಂಡಿ ನಿಂತೈತ್ರಿ, ಅಕ್ಕಾರ," ಎಂದ ಮರಿಸ್ವಾಮಿ.

ಬಂಡಿ ಓಣಿಯ ತಿರುವಿನಲ್ಲಿ ಮರೆಯಾಗುವ ತನಕ ಜಂಬಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಹೋಗಿ, ಒಬ್ಬಳಿಗಾಗುವಷ್ಟು ಹಿಟ್ಟು ತೆಗೆದುಕೊಂಡು ನಾದತೊಡಗಿದಳು.