ಒಂದೇ ಸೌಟು ಸೊಪ್ಪು

ಚಿನ್ನಪ್ಪನವರ ಎದೆಯೊಳಗೆ ಲೋಹದ ಕವಾಟ ಕೂತ ಮೇಲೆ ಲಗ್ಗೆರೆಯ ಆ ಮನೆಗೆ ಸೊಪ್ಪು ಬರುವುದು ನಿಂತುಹೋಯಿತು. ನಿಲ್ಲಿಸಿದವನು ಮಗ ಸಿದ್ದರಾಜು. ರಕ್ತ ಹೆಪ್ಪುಗಟ್ಟದಂತೆ ಅಪ್ಪ ಇನ್ನು ಬದುಕಿರುವಷ್ಟು ಕಾಲ ಮಾತ್ರೆ ನುಂಗಬೇಕು, ಸೊಪ್ಪು ಆ ಮಾತ್ರೆಯ ಬಲ ತಗ್ಗಿಸುತ್ತದೆ, ಆದ್ದರಿಂದ ದಿನವೂ ಒಂದೇ ಸಮ ತಿನ್ನಲಿ, ಹೆಚ್ಚು ಕಮ್ಮಿ ಆಗುವುದು ಬೇಡ ಎಂದು ಡಾಕ್ಟರಮ್ಮ ಬಿಡಿಸಿಯೇ ಹೇಳಿದ್ದರು. ಆದರೆ ಸಿದ್ದರಾಜು ಪೀಣ್ಯದ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುವವನು. ಅನುಮಾನ ಬಂದ ಮಾಲನ್ನು ಪಕ್ಕಕ್ಕಿಡುವುದೇ ಅವನ ಕಸುಬು. ಹೆಚ್ಚು ಕಮ್ಮಿಯ ಗೊಡವೆಯೇ ಬೇಡವೆಂದು ಸೊಪ್ಪನ್ನೇ ಪಕ್ಕಕ್ಕಿಟ್ಟ.

ತಾಯಿ ಅನುಸೂಯಮ್ಮನಿಗೆ ಕೈ ಕಟ್ಟಿಹಾಕಿದಂತಾಯಿತು. ಬಸ್ಸಾರಿಲ್ಲ, ಮಸೊಪ್ಪಿಲ್ಲ, ಬರೀ ಕಾಳಿನ ಸಾರಿನಲ್ಲಿ ಎಷ್ಟು ದಿನ ಮುದ್ದೆ ನುಂಗುವುದು ಎಂದು ಗೊಣಗಿದರು. ಚಿನ್ನಪ್ಪನವರು ಮಾತ್ರ ತಕರಾರೇ ಇಲ್ಲದೆ ಉಂಡೇಳುತ್ತಿದ್ದರು. ಅಪ್ಪನ ಈ ಸಾಧುತನ ಕಂಡು ಸಿದ್ದರಾಜುವಿಗೆ ಕಣ್ಣು ತುಂಬಿಬರುತ್ತಿತ್ತು. ಅವರು ಈ ಜನ್ಮದಲ್ಲಿ ಯಾವತ್ತೂ ಅಷ್ಟು ಸಾಧುವಾಗಿರಲಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ರಕ್ತಪರೀಕ್ಷೆಯ ಅಂಕಿ ಮಾತ್ರ ಮೇಲೇಳಲೊಲ್ಲದು. ಹೀಗೇ ಇದ್ದರೆ ಕವಾಟದಲ್ಲೇ ರಕ್ತ ಗಟ್ಟಿಯಾದೀತೆಂದು ಡಾಕ್ಟರಮ್ಮ ಮಾತ್ರೆ ಏರಿಸಿದರು. ಮುಂದಿನ ಸಲ ಮತ್ತೆ ಏರಿಸಿ, ಸೊಪ್ಪೇನಾದರೂ ತಿನ್ನುತ್ತಾರಾ ಎಂದು ಕೇಳಿದರು. ಮನೆಯೊಳಕ್ಕೆ ಕರಿಬೇವನ್ನೂ ಬಿಟ್ಟಿಲ್ಲ ಎಂದು ಸಿದ್ದರಾಜು ಎದೆಯುಬ್ಬಿಸಿ ಹೇಳಿದ. ಚಿನ್ನಪ್ಪನವರು ಗೋಡೆಯ ಮೇಲಿನ ಹೃದಯದ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

ಸಿದ್ದರಾಜುವಿಗೆ ನಿದ್ದೆ ಹತ್ತದಾಯಿತು. ತಪ್ಪು ತನ್ನದೇ ಇರಬೇಕು. ದೇವಸ್ಥಾನದ ತುಳಸಿ ತೀರ್ಥ ನಿಲ್ಲಿಸಿದ. ಹೆಸರುಕಾಳಿನ ಹಸಿರು ಸಿಪ್ಪೆಯ ಮೇಲೂ ಕಣ್ಣಿಟ್ಟ.

ಹೀಗಿರುವಾಗ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದ ಚಿನ್ನಪ್ಪನವರ ಒಸಡಿನಿಂದ ಬಂದ ರಕ್ತ ನಿಲ್ಲಲೇ ಇಲ್ಲ. ಮೂವರೂ ಆಟೊದಲ್ಲಿ ಆಸ್ಪತ್ರೆಗೆ ಓಡಿದರು. ಕೆಳಗಿದ್ದ ಅಂಕಿ ಈಗ ಮಿತಿ ಮೀರಿ ಮೇಲೇರಿ ಕೂತಿತ್ತು. ಡಾಕ್ಟರಮ್ಮ ಅಂದಿನ ಮಾತ್ರೆ ತಡೆದು, ರಕ್ತ ನಿಂತ ಮೇಲೆ ಚಿನ್ನಪ್ಪನವರತ್ತ ತಿರುಗಿದರು.

"ಈ ವಾರ ಏನು ತಿನ್ನೋದು ಬಿಟ್ರಿ, ಯಜಮಾನ್ರೇ?"

ಏನು ತಿಂದಿರಿ ಎಂದಿದ್ದರೆ ಅವರ ಬಳಿ ಉತ್ತರ ಸಿದ್ಧವಿತ್ತು. ಬಿಟ್ಟದ್ದಕ್ಕೆ ಸುಳ್ಳು ಕಟ್ಟಿಟ್ಟುಕೊಂಡಿರಲಿಲ್ಲ.

"ಹೊಳೆವ್ವ ಊರಿಗೆ ಹೋಗವ್ಳೆ ಮೇಡಂ," ಎಂದರು.

ಹೊಳೆವ್ವ ಮಹಡಿ ಮನೆಯ ಬಾಡಿಗೆಯವಳು, ಕೊಪ್ಪಳದ ಕಡೆಯವಳು. ಅನುಸೂಯಮ್ಮ ಮೇಲಕ್ಕೆ ಸಾರು ಕಳಿಸಿದ ಡಬ್ಬಿಯನ್ನು ಅವಳು ಯಾವತ್ತೂ ಖಾಲಿ ಕೊಟ್ಟವಳಲ್ಲ. ರೊಟ್ಟಿಯ ಜೊತೆ ಪುಂಡಿಸೊಪ್ಪಿನದೋ ಮೆಂತ್ಯಸೊಪ್ಪಿನದೋ ಪಲ್ಯ ಬರುತ್ತಿತ್ತು. ಸಿದ್ದರಾಜು ಕೆಲಸಕ್ಕೆ ಹೋದದ್ದೇ ತಡ, ಡಬ್ಬಿ ಚಿನ್ನಪ್ಪನವರ ಮುಂದೆ. ಈಗ ಹೊಳೆವ್ವ ತವರಿಗೆ ಹೋಗಿದ್ದಳು, ಪಲ್ಯ ನಿಂತಿತ್ತು, ಏರಿಸಿದ ಮಾತ್ರೆ ಮಾತ್ರ ಹಾಗೇ ಇತ್ತು.

ಸಿದ್ದರಾಜು ತಾಯಿಯ ಮುಖ ನೋಡಿದ.

"ಮಾಡ್ಬೇಡ ಅಂದೆ, ಮಾಡ್ಲಿಲ್ಲ. ಕೊಟ್ಟಿದ್ದನ್ನ ಬೇಡ ಅನ್ನೋಕಾಗುತ್ತೇನೋ?" ಎಂದರು ಅನುಸೂಯಮ್ಮ.

ಅಪ್ಪನಿಗೆ ಬೈಗುಳ ಬೀಳುತ್ತದೆಂದು ಅವನು ಕಾದ. ಡಾಕ್ಟರಮ್ಮ ಅವನನ್ನೇ ಹಿಡಿದರು.

"ಸೊಪ್ಪು ನಿಲ್ಸಿ ಅಂತ ನಾನು ಹೇಳಿದ್ನಾ?"

"ಎಲ್ಲಾದ್ರೂ ಜಾಸ್ತಿ ಆದ್ರೆ ಅಂತ, ಮೇಡಂ..."

"ನೀವು ನಿಲ್ಸಿದ್ರಿ, ಅವರು ಕದ್ದು ತಿಂದ್ರು, ನಾನು ಮಾತ್ರೆ ಏರಿಸ್ದೆ. ದಿನಾ ಒಂದು ಸೌಟು ತಿನ್ನಲಿ, ಎದುರಿಗೇ ತಿನ್ನಲಿ. ಅದಕ್ಕೆ ತಕ್ಕ ಮಾತ್ರೆ ನಾನು ಹೊಂದಿಸ್ತೀನಿ."

ಅಂದಿನಿಂದ ಅನುಸೂಯಮ್ಮ ಬಡಿಸುವ ಸೌಟನ್ನು ಸಿದ್ದರಾಜು ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡತೊಡಗಿದ. ಹೊಳೆವ್ವ ಬಂದೊಡನೆ ಮಹಡಿ ಹತ್ತಿ, ಪಲ್ಯ ಕಳಿಸಿದ ದಿನ ಅಮ್ಮ ಕೆಳಗೆ ಸೊಪ್ಪು ಮಾಡುವುದಿಲ್ಲ, ಆದ್ದರಿಂದ ಊರಿಗೆ ಹೋಗುವ ಮುಂಚೆ ದಯವಿಟ್ಟು ತಿಳಿಸಬೇಕು ಎಂದು ಕೇಳಿಕೊಂಡ.

"ಅಲ್ರೀ ಅಣ್ಣಾರ, ನಾ ತವರಿಗೆ ಹೋಗಾಕ ನಿಮ್ಮಪ್ಪಾರ ರಕ್ತ ರಜಾ ಕೊಡಬೇಕೇನ್ರಿ?" ಎಂದು ಅವಳು ಬಾಗಿಲಿಗೆ ಒರಗಿ ನಕ್ಕಳು. ಆಮೇಲೆ ಹೇಳಿಯೇ ಹೋಗುತ್ತೇನೆಂದು ಮಾತು ಕೊಟ್ಟಳು.

ಕದ್ದು ತಿನ್ನುವ ಸುಖ ಹೋದ ಮೇಲೆ ಚಿನ್ನಪ್ಪನವರ ತಕರಾರು ಶುರುವಾಯಿತು. ಉಪ್ಪು ಕಮ್ಮಿ, ನಾರು ಜಾಸ್ತಿ, ಇವತ್ತೊಂದು ದಿನ ಬೇಡ ಕಣೋ. ಸಿದ್ದರಾಜು ತಟ್ಟೆಯ ಎದುರು ಕೂತು ಕೊನೆಯ ತುತ್ತಿನವರೆಗೂ ಕಾಯುತ್ತಿದ್ದ.

ಮುಂದಿನ ಪರೀಕ್ಷೆಯಲ್ಲಿ ಅಂಕಿ ಎಲ್ಲಿರಬೇಕೋ ಅಲ್ಲೇ ನಿಂತಿತ್ತು. ಹೀಗೇ ನಡೆಸಿಕೊಂಡು ಹೋಗಿ ಎಂದು ಡಾಕ್ಟರಮ್ಮ ಚೀಟಿ ಕೊಟ್ಟರು. ಸಿದ್ದರಾಜು ಏಳಲಿಲ್ಲ.

"ಮೇಡಂ, ಸಾರಿನ ಮೇಲೆ ಉದುರಿಸೋ ಕೊತ್ತಂಬರಿ, ಅದು ಸೌಟಿನ ಒಳಗಾ, ಹೊರಗಾ?"

ಚಿನ್ನಪ್ಪನವರು ಮಗನ ತೋಳು ಹಿಡಿದು ಎಬ್ಬಿಸಿದರು.

"ನಡಿಯೋ, ಹೊಟ್ಟೆ ಹಸೀತೈತೆ."