ಬೀಡಿ ಕಟ್ಟಿದ ಇಪ್ಪತ್ತೆರಡು ತಾಯಂದಿರು

ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಟ್ಟ ಬೀಡಿ ಎಲೆಗೆ ಅದರದ್ದೇ ಒಂದು ವಾಸನೆ ಇದೆ. ಬೈಹುಲ್ಲು ನೆನೆದ ಹಾಗೆ, ಸ್ವಲ್ಪ ಕಹಿ, ಸ್ವಲ್ಪ ಸಿಹಿ. ಪಕ್ಕದಲ್ಲಿ ಹೊಗೆಸೊಪ್ಪಿನ ಪುಡಿಯೂ ಇದ್ದರೆ ಮೂಗು ಉರಿದು ಸೀನು ಬರುತ್ತದೆ. ನಾನು ಸಣ್ಣವಳಿದ್ದಾಗ ಆ ವಾಸನೆ ಊರಿನ ಎಷ್ಟೋ ಮನೆಗಳ ಜಗಲಿಯಲ್ಲಿತ್ತು. ನಮ್ಮ ಮನೆಯಲ್ಲಿ ಮಾತ್ರ ಒಳಗಿನ ಕೋಣೆಯಲ್ಲಿ, ಬಾಗಿಲು ಹಾಕಿದ ಮೇಲೆ.

ಅಪ್ಪ ದೇವಸ್ಥಾನದ ಅರ್ಚಕರಾಗಿದ್ದರು. ನನಗೆ ಏಳು ವರ್ಷವಾದಾಗ ತೀರಿಕೊಂಡರು. ಅರ್ಚಕರ ಹೆಂಡತಿ ಹೊಗೆಸೊಪ್ಪು ಮುಟ್ಟುತ್ತಾಳೆಂದು ತಿಳಿದರೆ ನೆಂಟರು ನಮ್ಮ ಮೆಟ್ಟಿಲು ಹತ್ತುತ್ತಿರಲಿಲ್ಲ. ಹಾಗಾಗಿ ಅಮ್ಮ ಬಾಗಿಲು ಹಾಕಿಕೊಂಡು ಬೀಡಿ ಕಟ್ಟುತ್ತಿದ್ದಳು. ಕಟ್ಟಿದ್ದನ್ನು ಪಕ್ಕದ ಮನೆಯ ಅವ್ವಮ್ಮ ತನ್ನ ಬುಟ್ಟಿಯಲ್ಲಿ, ತನ್ನ ಬೀಡಿಯ ಕೆಳಗಿಟ್ಟು ಬ್ರಾಂಚಿಗೆ ಒಯ್ಯುತ್ತಿದ್ದರು. ಬ್ರಾಂಚ್ ಎಂದರೆ ಎಲೆ, ಹೊಗೆಸೊಪ್ಪು ಕೊಟ್ಟು, ಕಟ್ಟಿದ ಬೀಡಿಯನ್ನು ತೆಗೆದುಕೊಳ್ಳುವ ಜಾಗ. ಅಲ್ಲಿ ಯಾರಾದರೂ, ಒಬ್ಬಳೇ ಇಷ್ಟೆಲ್ಲ ಹೇಗೆ ಕಟ್ಟಿದೆ ಎಂದು ಕೇಳಿದರೆ, "ನನ್ನ ಕೈ ಸುಮ್ಮನೆ ಕೂತುಕೊಳ್ಳುದಿಲ್ಲ" ಎನ್ನುತ್ತಿದ್ದರಂತೆ. ನಾನು ಕಾಲೇಜು ಓದಿದ್ದು, ಆಮೇಲೆ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದ್ದು, ಎಲ್ಲ ಆ ಬುಟ್ಟಿಯಿಂದ. ಆದರೆ ಯಾರಾದರೂ ವಿಚಾರಿಸಿದರೆ ನಾನು 'ಅರ್ಚಕರ ಮಗಳು' ಎಂದಷ್ಟೇ ಹೇಳುತ್ತಾ ಬಂದೆ. ಸುಳ್ಳೇನೂ ಅಲ್ಲವಲ್ಲ.

ನಮ್ಮ ಊರು ಬಂಟ್ವಾಳಕ್ಕೂ ಮೂಡುಬಿದಿರೆಗೂ ನಡುವೆ ಇದೆ. ಮೊನ್ನೆ ಮೊನ್ನೆಯವರೆಗೆ ಪಂಚಾಯತ್ ಆಗಿದ್ದದ್ದು ಈಗ ಪುರಸಭೆ. ಮೊದಲ ವರ್ಷ ತುಂಬಿದ ನೆನಪಿಗೆ ಒಂದು ಸಂಚಿಕೆ ತರಬೇಕೆಂದೂ ಅದರಲ್ಲಿ ಇಪ್ಪತ್ತಮೂರು ಮೆಂಬರ್‌ಗಳ ಪರಿಚಯ ಇರಬೇಕೆಂದೂ ತೀರ್ಮಾನವಾಯಿತಂತೆ. ಅಧ್ಯಕ್ಷರಾದ ಭೋಜ ಶೆಟ್ಟರು ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ನಮ್ಮ ಜಗಲಿಗೆ ಬಂದರು. ಮನೆಯಲ್ಲಿ ತುಳುವಿನಲ್ಲೇ ಮಾತಾಡುವವರು ಕೂಡ ನನ್ನನ್ನು ಕಂಡರೆ ಕನ್ನಡಕ್ಕೆ ಬರುತ್ತಾರೆ. ಟೀಚರ್ ಅಲ್ಲವೇ.

"ತುಂಗಾ ಟೀಚರೇ, ನೀವೇ ಬರೀಬೇಕು. ನಾವು ಬರೆದ್ರೆ ನಾಮಪತ್ರದ ಹಾಗೆ ಆಗ್ತದೆ."

ನಾನು ಒಪ್ಪಿದೆ. ಒಬ್ಬೊಬ್ಬರದ್ದು ಒಂದು ಪುಟ. ಶೆಟ್ಟರು ತಮ್ಮದನ್ನು ಅಲ್ಲೇ ಹೇಳಿದರು. ಹೋಟೆಲು, ಮಸ್ಕತ್ತಿನಲ್ಲಿ ಹನ್ನೊಂದು ವರ್ಷ, ಹಾಲಿನ ಸೊಸೈಟಿ. ಎಲ್ಲ ಆದ ಮೇಲೆ ಸ್ವಲ್ಪ ಸಂಕೋಚದಿಂದ, "ಮತ್ತೆ ಒಂದು ಸಾಲು... ಅಮ್ಮ ಬೀಡಿ ಕಟ್ಟಿ ನನ್ನನ್ನು ಸಾಕಿದ್ರು ಅಂತ" ಎಂದರು.

ನನಗೆ ಕೆಮ್ಮು ಬಂತು. ಬ್ರಾಂಚ್ ಇದ್ದದ್ದೇ ಅವರ ಮನೆಯ ಜಗಲಿಯಲ್ಲಿ. ಅವರ ಅಮ್ಮ ಅಲ್ಲಿ ಕುರ್ಚಿಯಲ್ಲಿ ಕೂತು, ಬಂದ ಬೀಡಿಯನ್ನು ಬೆರಳಲ್ಲಿ ಒತ್ತಿ ನೋಡಿ, ಸಡಿಲ ಇದ್ದದ್ದನ್ನು ಬದಿಗೆ ಎಸೆಯುತ್ತಿದ್ದರು. ಅವ್ವಮ್ಮನ ಬುಟ್ಟಿಯಿಂದಲೂ ಎಸೆದಿದ್ದರು.

"ಭೋಜ, ನಿನ್ನ ಅಮ್ಮ ಬೀಡಿ ಕಟ್ಟಿದ್ದನ್ನು ನಾನು ನೋಡ್ಲಿಲ್ಲ."

"ಮುಟ್ಟಿದ್ದಾರಲ್ಲ ಟೀಚರೇ! ಕಟ್ಟುವವರು ದಿನಕ್ಕೆ ಒಂದು ಸಾವಿರ ಮುಟ್ಟಿದ್ರೆ ನನ್ನ ಅಮ್ಮ ಹತ್ತು ಸಾವಿರ ಮುಟ್ಟಿದ್ದಾರೆ."

ಇದು ಎಲ್ಲಿಂದ ಶುರುವಾಯಿತೆಂದು ಆಮೇಲೆ ತಿಳಿಯಿತು. ಚುನಾವಣೆಯ ಹೊತ್ತಿಗೆ ಯಾರೋ ಒಬ್ಬರು ವೇದಿಕೆಯಲ್ಲಿ "ನಾನು ಬೀಡಿ ಕಟ್ಟಿದ ತಾಯಿಯ ಮಗ" ಎಂದಾಗ ಚಪ್ಪಾಳೆ ನಿಲ್ಲಲೇ ಇಲ್ಲವಂತೆ. ಆ ಚಪ್ಪಾಳೆ ಎಲ್ಲರ ಕಿವಿಯಲ್ಲೂ ಉಳಿದಿತ್ತು. ಇಪ್ಪತ್ತಮೂರರಲ್ಲಿ ಏಳೆಂಟು ಜನರ ಅಮ್ಮಂದಿರು ನಿಜವಾಗಿಯೂ ಕಟ್ಟಿದವರೇ. ಉಳಿದವರು ಹೇಗೋ ಹೊಂದಿಸಿಕೊಂಡರು. ಭವಿತ್ ಎಂಬ ಮೆಂಬರ್ ಮೂವತ್ತೊಂದು ವರ್ಷದ ಹುಡುಗ, ಟೈಲ್ಸ್ ಅಂಗಡಿ ಇದೆ. ಅವನ ಅಮ್ಮ ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದವರು. ಹಾಗಾಗಿ ಅವನು ವಾಮದಪದವು ಎಂಬ ಊರಿನಲ್ಲಿದ್ದ ಅಜ್ಜಿಯನ್ನು ಹಿಡಿದ.

"ನಿನ್ನ ಅಜ್ಜಿಗೆ ಬೈಲು ತುಂಬ ಗದ್ದೆ ಇತ್ತಲ್ಲ ಭವಿತ್?"

"ಇತ್ತು ಟೀಚರ್. ಆದ್ರೆ ಅಜ್ಜಿಯಲ್ಲಿಗೆ ಕೆಲಸಕ್ಕೆ ಬರುವವರು ಮಧ್ಯಾಹ್ನ ಜಗಲಿಯಲ್ಲಿ ಕೂತು ಬೀಡಿ ಕಟ್ತಿದ್ರು. ಅಜ್ಜಿ ಅವರಿಗೆ ಬೆಲ್ಲ ನೀರು ಕೊಡ್ತಿದ್ರು. ಅದು ಸತ್ಯ."

ಸುಳ್ಳು ಬರೆಯುವುದು ನನ್ನಿಂದಾಗದು. ಬೇಡವೆಂದು ಹೇಳುವುದೂ ಆಗದು. ಮೂವತ್ತನಾಲ್ಕು ವರ್ಷ ವ್ಯಾಕರಣ ಕಲಿಸಿದವಳಿಗೆ ನಡುವಿನ ದಾರಿ ಗೊತ್ತಿರುತ್ತದೆ. ಶೆಟ್ಟರಿಗೆ 'ಬೀಡಿಗಳ ನಡುವೆಯೇ ಬದುಕು ಸವೆಸಿದ ತಾಯಿಯ ಮಗ' ಎಂದು ಬರೆದೆ. ಭವಿತ್‌ಗೆ 'ಬೀಡಿ ಕಾರ್ಮಿಕರ ಕಷ್ಟಕ್ಕೆ ಮರುಗಿದ ಮನೆತನದ ಕುಡಿ' ಎಂದು ಬರೆದೆ. ಓದಿದವರು ಏನು ತಿಳಿದುಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ಶೆಟ್ಟರು ಓದಿ ಕಣ್ಣು ಒರೆಸಿಕೊಂಡರು. ಮರುದಿನ ಎಲೆಕ್ಟ್ರಿಷಿಯನ್‌ನನ್ನು ಕಳಿಸಿ, ನಾನು ಕೇಳದೆಯೇ, ನನ್ನ ಬರೆಯುವ ಮೇಜಿನ ಮೇಲೆ ಒಳ್ಳೆಯ ಬೆಳಕಿನ ಬಲ್ಬು ಹಾಕಿಸಿದರು. ಅಂಥವರ ಮೇಲೆ ಸಿಟ್ಟು ಮಾಡುವುದು ಹೇಗೆ?

ಕೊನೆಗೆ ಬಂದವಳು ಖದೀಜ. ಒಂಬತ್ತನೇ ವಾರ್ಡಿನ ಮೆಂಬರ್, ಅವ್ವಮ್ಮನ ಮೊಮ್ಮಗಳು, ನನ್ನ ವಿದ್ಯಾರ್ಥಿನಿಯೂ ಹೌದು. ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಬೀಡಿಗೆ ಕೂತವಳು ಇಂದಿಗೂ ಕಟ್ಟುತ್ತಾಳೆ. ಬೀಡಿ ಕಟ್ಟುವ ಹೆಂಗಸರೇ ಸೇರಿ ಅವಳನ್ನು ಗೆಲ್ಲಿಸಿದ್ದು.

ಅವಳು ಕುರ್ಚಿಯ ತುದಿಯಲ್ಲಿ ಕೂತಳು. "ಟೀಚರೇ, ನನ್ನದರಲ್ಲಿ ಬೀಡಿಯ ವಿಷಯ ಬೇಡ. ಗೃಹಿಣಿ, ಸಮಾಜ ಸೇವಕಿ ಅಂತ ಹಾಕಿ."

"ಎಂತ ಮಾರಾಯ್ತಿ, ಇಲ್ಲದವರೆಲ್ಲ ಹಾಕಿಸ್ತಾರೆ. ಇದ್ದವಳು ನೀನು ತೆಗೆಸುದಾ?"

"ಅವರಿಗೆ ಅದು ಅಮ್ಮನ ಕಥೆ ಟೀಚರೇ. ನನಗೆ ನಾಳೆ ಬೆಳಿಗ್ಗೆಯ ಕೆಲಸ."

ಆಮೇಲೆ ವಿಷಯ ಹೇಳಿದಳು. ಅವಳ ವಾರ್ಡಿನ ಗುಡ್ಡೆಮೇಲು ಎಂಬ ಕಡೆ ನಲವತ್ತು ಮನೆಗಳಿವೆ, ನಳ್ಳಿ ನೀರು ಇಲ್ಲ. ಹೆಂಗಸರು ಇಡೀ ದಿನ ಬೀಡಿಗೆ ಬೆನ್ನು ಬಗ್ಗಿಸಿ, ಸಂಜೆ ಕೆಳಗಿನ ಬಾವಿಯಿಂದ ಕೊಡಪಾನ ಹೊತ್ತು ಗುಡ್ಡೆ ಹತ್ತುತ್ತಾರೆ. ಮೊದಲ ಮೀಟಿಂಗಿನಲ್ಲಿ ಅವಳು ಪೈಪಿನ ವಿಷಯ ಎತ್ತಿದಾಗ ಇಂಜಿನಿಯರರು ನಕ್ಕು, "ಅಕ್ಕ, ಇದು ಬೀಡಿ ಸುತ್ತಿದ ಹಾಗಲ್ಲ, ಟೆಕ್ನಿಕಲ್ ವಿಷಯ" ಎಂದಿದ್ದರಂತೆ. ಎಲ್ಲರೂ ನಕ್ಕಿದ್ದರಂತೆ. ಈಗ ಸ್ಥಾಯಿ ಸಮಿತಿಗೆ ಅಧ್ಯಕ್ಷರನ್ನು ಆರಿಸಬೇಕಿತ್ತು. ನೀರಿನ ಕಾಮಗಾರಿಯ ಫೈಲು ಅಲ್ಲಿಗೇ ಹೋಗುವುದು. ಖದೀಜನ ಹೆಸರೂ ಭವಿತ್‌ನ ಹೆಸರೂ ಕೇಳಿಬರುತ್ತಿದ್ದವು. ಸಂಚಿಕೆ ಬಿಡುಗಡೆಗೆ ಬರುವ ಪಕ್ಷದ ಜಿಲ್ಲಾ ಮುಖಂಡರು ಯಾರ ಹೆಸರು ಹೇಳುತ್ತಾರೋ ಅವರಿಗೇ ಎಲ್ಲರೂ ಕೈ ಎತ್ತುವುದು ಎಂದಾಗಿತ್ತು.

"ಅವರು ಪುಸ್ತಕ ಓದ್ತಾರೆ. ಬೀಡಿಯವಳು ಅಂತ ಕಂಡ್ರೆ ಆ ಕುರ್ಚಿ ನನಗೆ ಕೊಡುದಿಲ್ಲ. ಒಮ್ಮೆ ಆ ಕುರ್ಚಿ ಸಿಗ್ಲಿ ಟೀಚರೇ, ಪೈಪ್ ಹಾಕಿಸದೆ ಏಳುದಿಲ್ಲ ನಾನು."

ಅವಳಿಗೆ ಬುದ್ಧಿ ಹೇಳಲು ನನಗೆ ಯಾವ ಹಕ್ಕೂ ಇರಲಿಲ್ಲ. ಬಾಗಿಲು ಹಾಕಿ ಕಟ್ಟಿದವಳ ಮಗಳು ನಾನು. 'ಗೃಹಿಣಿ' ಎಂದೇ ಬರೆದೆ. ಎಲ್ಲೂ ಹೇಳುವುದಿಲ್ಲವೆಂದು ಮಾತೂ ಕೊಟ್ಟೆ.

ಮೂಡುಬಿದಿರೆಯ ಪ್ರೆಸ್ಸಿಗೆ ಕರಡು ತಿದ್ದಲು ಹೋದಾಗ ಕಂಪ್ಯೂಟರಿನ ಮುಂದೆ ಕೂತಿದ್ದ ಇರ್ಷಾದ್ ಕೇಳಿದ: "ಟೀಚರ್, ಇದು ಪುರಸಭೆಯ ಸಂಚಿಕೆಯಾ, ಬೀಡಿ ಕಾರ್ಮಿಕರ ಸಂಘದ್ದಾ?"

ಬಿಡುಗಡೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಪುರಭವನ ತುಂಬಿತ್ತು. ಖದೀಜ ಹೊಸ ಬುರ್ಖಾ ಹಾಕಿ, ಹೆಗಲಿಗೆ ಫೈಲು ಹಿಡಿಸುವ ಬ್ಯಾಗು ತೂಗಿಸಿ ಎರಡನೇ ಸಾಲಿನಲ್ಲಿ ಕೂತಿದ್ದಳು. ಹಿಂದೆ ಗುಡ್ಡೆಮೇಲಿನ ಹತ್ತು ಹನ್ನೆರಡು ಹೆಂಗಸರಿದ್ದರು. ಜಿಲ್ಲಾ ಮುಖಂಡರು ನಿಜಕ್ಕೂ ಪುಸ್ತಕ ಓದಿಕೊಂಡು ಬಂದಿದ್ದರು. ರಾಜಕಾರಣದವರು ಓದುವುದಿಲ್ಲ ಎಂದು ದೂರುವ ನಾನು ಅಂದು ಮೊದಲ ಬಾರಿಗೆ, ಓದದೇ ಇದ್ದಿದ್ದರೆ ಚೆನ್ನಾಗಿತ್ತು ಎಂದುಕೊಂಡೆ.

"ನನ್ನ ಕಣ್ಣಲ್ಲಿ ನೀರು ಬಂತು" ಎಂದರು ಅವರು ಮೈಕಿನಲ್ಲಿ. "ಇಪ್ಪತ್ತಮೂರು ಜನರಲ್ಲಿ ಇಪ್ಪತ್ತೆರಡು ಜನ ಬೀಡಿಯ ಬೆವರಿನಿಂದ ಎದ್ದು ಬಂದವರು! ಇಂಥ ಪುರಸಭೆ ರಾಜ್ಯದಲ್ಲಿ ಬೇರೆಲ್ಲಿ ಉಂಟು? ಒಬ್ಬ ಸಹೋದರಿ ಮಾತ್ರ ಗೃಹಿಣಿ. ತಪ್ಪಲ್ಲ. ಸುಖವಾಗಿದ್ದ ಮನೆಯವರೂ ಸೇವೆಗೆ ಬರಬೇಕು. ಆದರೆ ಸ್ಥಾಯಿ ಸಮಿತಿ ಅಂದರೆ ನೀರು, ಚರಂಡಿ, ಬಡವರ ಬದುಕು. ಅಲ್ಲಿ ಕಷ್ಟ ಗೊತ್ತಿದ್ದವರು ಕೂರಬೇಕು. ಭವಿತ್ ಕೂರಲಿ."

ಚಪ್ಪಾಳೆ ಬಿತ್ತು. ಭವಿತ್ ಎದ್ದು ಕೈ ಮುಗಿದ. ಗುಡ್ಡೆಮೇಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಏನೋ ಹೇಳಲು ಎದ್ದಳು. ಖದೀಜ ತಿರುಗಿ, ಕೂತುಕೋ ಎಂದು ಕೈಸನ್ನೆ ಮಾಡಿದಳು.

ಅಷ್ಟರಲ್ಲಿ ಸಂಪಾದಕಿ ಎರಡು ಮಾತು ಆಡಬೇಕೆಂದು ನನ್ನ ಹೆಸರು ಕರೆದರು. ನಾನು ಬರೆದುಕೊಂಡು ಬಂದಿದ್ದ ವಂದನೆಯ ಚೀಟಿಯನ್ನು ಓದಲಾಗಲಿಲ್ಲ. ಖದೀಜನ ವಿಷಯ ಹೇಳುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಆದರೆ ನನ್ನದನ್ನು ಹೇಳಬೇಡ ಎಂದವರು ಯಾರೂ ಇರಲಿಲ್ಲ.

"ಈ ಪುಸ್ತಕದಲ್ಲಿ ಬರೆದವಳ ಪರಿಚಯ ಇಲ್ಲ" ಎಂದೆ. "ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದಳು. ಬಾಗಿಲು ಹಾಕಿಕೊಂಡು. ಕತ್ತರಿ ಹಿಡಿದು ಹಿಡಿದು ಅವಳ ಹೆಬ್ಬೆರಳ ಬುಡದಲ್ಲಿ ಚರ್ಮ ದಪ್ಪವಾಗಿ ಕಪ್ಪಾಗಿತ್ತು. ಪೂಜೆಗೆ ಹೋದಲ್ಲಿ ಪ್ರಸಾದಕ್ಕೆ ಕೈ ಒಡ್ಡುವಾಗ ಆ ಬೆರಳನ್ನು ಸೆರಗಿನೊಳಗೆ ಅಡಗಿಸುತ್ತಿದ್ದಳು. ಅವಳ ಬೀಡಿಯನ್ನು ಅವ್ವಮ್ಮ ಎಂಬವರು ತಮ್ಮದೆಂದು ಹೇಳಿ ಬ್ರಾಂಚಿಗೆ ಒಯ್ದರು. ಹನ್ನೆರಡು ವರ್ಷ. ನನ್ನ ಓದು ಅವರು ಹೊತ್ತದ್ದು. ಇದನ್ನು ಮುಚ್ಚಿಟ್ಟುಕೊಂಡೇ ನಾನು ಬೇರೆಯವರ ಪರಿಚಯ ಬರೆದೆ. ಅದಕ್ಕೇ ಈ ಪುಸ್ತಕ ನಂಬುವಂಥದ್ದಲ್ಲ."

ಪುರಭವನದ ಹೆಂಚು ಹಾರುವಂಥ ಚಪ್ಪಾಳೆ ಬಿತ್ತು. ಭೋಜ ಶೆಟ್ಟರು ಬಾಗಿ ನನ್ನ ಕಿವಿಯಲ್ಲಿ, "ಟೀಚರೇ, ನಮ್ಮನ್ನೆಲ್ಲ ಹಿಂದೆ ಹಾಕಿದ್ರಲ್ಲ! ಸೆರಗಿನ ಪಾಯಿಂಟ್ ಭಾರಿ ಲಾಯ್ಕ್ ಆಯ್ತು" ಎಂದರು. ಮುಖಂಡರು ಎದ್ದು ಬಂದು ನನಗೆ ಶಾಲು ಹೊದೆಸಿ, ಇಪ್ಪತ್ತಮೂರನೆಯ ಬೀಡಿ ತಾಯಿಯೂ ಸಿಕ್ಕಿದರು ಎಂದು ಮೈಕಿನಲ್ಲಿ ಸಾರಿದರು. ಪುಸ್ತಕ ನಂಬಬೇಡಿ ಎಂದದ್ದನ್ನು ವಿನಯ ಎಂದು ತಿಳಿದರು.

ನಂಬಿದ್ದು ಒಬ್ಬಳೇ ಎಂದು ಕಾಣುತ್ತದೆ. ವೇದಿಕೆಯಿಂದ ನೋಡಿದಾಗ ಖದೀಜ ಚಪ್ಪಾಳೆ ತಟ್ಟುತ್ತಿರಲಿಲ್ಲ. ತನ್ನ ಬಲಗೈಯ ಹೆಬ್ಬೆರಳನ್ನು ನೋಡುತ್ತಿದ್ದಳು.

ಸಭೆ ಮುಗಿದು ಎಲ್ಲರೂ ಊಟಕ್ಕೆ ನುಗ್ಗಿದರು. ಸಾಲು ಗೇಟಿನವರೆಗೆ ಇತ್ತು. ನನ್ನ ಮೊಣಕಾಲು ಅಷ್ಟು ಹೊತ್ತು ನಿಲ್ಲುವುದಿಲ್ಲ. ಗೋಡೆಯ ಬದಿಯ ಕುರ್ಚಿಯಲ್ಲಿ ಶಾಲು ಮಡಚಿ ಕೂತೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು ಹೊಗಳಿದರು. "ಮೇಡಂ, ಅದನ್ನು ಯಾರು ಬರೆದು ಕೊಟ್ಟದ್ದು?" ಎಂದು ಒಬ್ಬರು ವಿಚಾರಿಸಿದರು.

ಖದೀಜ ಬಂದು ಪಕ್ಕದಲ್ಲಿ ಕೂತಳು.

"ನನ್ನಿಂದ ನಿನ್ನ ಕುರ್ಚಿ ಹೋಯಿತು" ಎಂದೆ.

"ಬರೆದದ್ದು ನೀವಾದ್ರೂ ಬರೆಸಿದ್ದು ನಾನಲ್ವಾ?" ಎಂದಳು. ಮತ್ತೆ ಮೆಲ್ಲಗೆ, "ಅಜ್ಜಿ ನನ್ನ ಹತ್ತಿರ ಒಂದು ದಿನವೂ ಹೇಳ್ಲಿಲ್ಲ ಟೀಚರೇ. ಸಾಯುವಾಗಲೂ ನಾನೇ ಹತ್ತಿರ ಇದ್ದದ್ದು. ಆಗ್ಲೂ ಹೇಳ್ಲಿಲ್ಲ" ಎಂದಳು.

ಅವರು ಮೊಮ್ಮಗಳಿಗೂ ಹೇಳಿರಲಿಲ್ಲವೆಂದು ನನಗೂ ಆಗಲೇ ತಿಳಿದದ್ದು. ಅರವತ್ತು ವರ್ಷ ನಾನು ಮುಚ್ಚಿಟ್ಟದ್ದು ನಾಚಿಕೆಯಿಂದ. ಅವ್ವಮ್ಮ ಮುಚ್ಚಿಟ್ಟದ್ದು ನಮಗಾಗಿ.

"ಈಗ ಎಂತ ಮಾಡ್ತಿ?" ಎಂದು ಕೇಳಿದೆ.

"ಭವಿತ್‌ಗೆ ಬಡವರ ಕಷ್ಟ ಗೊತ್ತುಂಟಂತಲ್ಲ, ಕೇಳುವ. ಮುಂದಿನ ಮೀಟಿಂಗಿಗೆ ಗುಡ್ಡೆಮೇಲಿನವರದ್ದು ಒಂದು ಅರ್ಜಿ ಕೊಡ್ತೇನೆ. ನೀವೇ ಬರೆದು ಕೊಡಿ. ನಲವತ್ತು ಮನೆ, ಬೀಡಿ ಕಟ್ಟುವವರು, ನೀರಿಲ್ಲ. ಮೊದಲ ಸಹಿ ನನ್ನದು, ಬೀಡಿ ಕಾರ್ಮಿಕೆ ಅಂತಲೇ. ನಿಮ್ಮ ಚಂದದ ಮಾತು ಒಂದೂ ಬೇಡ ಟೀಚರೇ."

"ಹಾಗೇ ಬರೆಯುವ" ಎಂದೆ.

ಅವಳು ಎದ್ದು ಹೋದಳು. ಮನೆಗೆ ಹೊರಟಳೆಂದು ತಿಳಿದೆ. ಸುಮಾರು ಹೊತ್ತಾದ ಮೇಲೆ ಜನರ ನಡುವಿನಿಂದ ಅಡ್ಡವಾಗಿ ಬರುವುದು ಕಾಣಿಸಿತು. ಸಸ್ಯಾಹಾರದ ಕೌಂಟರಿನ ಉದ್ದ ಸಾಲಿನಲ್ಲಿ ನಿಂತು, ಒಂದು ತಟ್ಟೆಯಲ್ಲಿ ಅನ್ನ, ಸಾರು, ತೊಂಡೆಕಾಯಿ ಪಲ್ಯ ಬಡಿಸಿಕೊಂಡು, ನೊಣ ಕೂರದ ಹಾಗೆ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ತಂದಿದ್ದಳು. ಮೊದಲು ನನ್ನ ಕೈಗೆ ನೀರು ಹಾಕಿದಳು. ಆಮೇಲೆ ಮುಚ್ಚಿದ್ದನ್ನು ತೆಗೆದು ಊಟದ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು.