ಮೂರು ಕಿಲೋ ಇನ್ನೂರು

ಡಯಾಲಿಸಿಸ್ ಕೋಣೆಯಲ್ಲಿ ಎಲ್ಲರೂ ಅವರನ್ನು ತಕ್ಕಡಿ ಯಜಮಾನರು ಎಂದೇ ಕರೆಯುತ್ತಿದ್ದರು. ಮೂವತ್ತೆರಡು ವರ್ಷ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿದ ಕೈ. ಹತ್ತು ಗ್ರಾಂ ಆಚೀಚೆಯಾದರೂ ಅವರ ಮೂಗಿಗೆ ವಾಸನೆ ಬಡಿಯುತ್ತಿತ್ತು. ಅಂಥವರನ್ನು ಆಸ್ಪತ್ರೆಯ ತೂಕದ ಯಂತ್ರ ವಾರಕ್ಕೆ ಮೂರು ಸಲ ಸುಳ್ಳುಗಾರನನ್ನಾಗಿ ಮಾಡಿದರೆ ಮೈ ಉರಿಯದೆ ಇರುತ್ತದೆಯೇ?

"ಎರಡೇ ದಿನಕ್ಕೆ ಮೂರು ಕಿಲೋ ಇನ್ನೂರು ಜಾಸ್ತಿ," ಎಂದರು ಸಿಸ್ಟರ್. "ಮತ್ತೆ ನೀರು ಕುಡಿದ್ರಾ?"

"ದಿನಕ್ಕೆ ನಾಲ್ಕೇ ಲೋಟ ಸಿಸ್ಟರ್. ಇವಳನ್ನೇ ಕೇಳಿ, ಅಳೆದು ಕೊಡೋಳು ಇವಳೇ."

ಹೆಂಡತಿ ಗಂಡನನ್ನು ಓರೆಗಣ್ಣಿನಿಂದ ನೋಡಿದರು. ತಮ್ಮ ಕಣ್ಣು ತಪ್ಪಿಸಿ ಗಂಡ ನಲ್ಲಿಗೆ ಬಾಯಿಡುತ್ತಾರೆಂಬ ಗುಮಾನಿ ಅವರಿಗೆ. ಯಜಮಾನರ ಮನಸ್ಸಿಗೆ ಚುಚ್ಚಿದ್ದು ಅದೇ.

ದೂರದ ಊರಿನಲ್ಲಿದ್ದ ಮಗಳಿಗೆ ಎಂಟು ತಿಂಗಳು ತುಂಬಿತ್ತು. ಹೆರಿಗೆಯ ಹೊತ್ತಿಗೆ ಅಲ್ಲಿರಬೇಕೆಂದು ಇವರಿಗೆ ಜೀವ ಹಾತೊರೆಯುತ್ತಿತ್ತು. ಡಾಕ್ಟರು ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ತೂಕ ಎರಡು ಕಿಲೋಗಿಂತ ಹೆಚ್ಚು ಏರಬಾರದು. ಹಾಗಿದ್ರೆ ಅಲ್ಲಿ ಡಯಾಲಿಸಿಸ್‌ಗೆ ನಾನೇ ಬರೆದುಕೊಡ್ತೀನಿ. ಇಲ್ಲಾಂದ್ರೆ ಪ್ರಯಾಣದ ಮಾತೇ ಬೇಡ."

ಮುಂದಿನ ಸಲ ಯಜಮಾನರು ಒಂದು ಚೀಲ ತೂಕದ ಬಟ್ಟುಗಳನ್ನು ಆಟೋದವನ ಕೈಲಿ ಹೊರಿಸಿಕೊಂಡು ಬಂದರು. ಇವತ್ತು ಆ ಯಂತ್ರದ ಬಂಡವಾಳ ಬಯಲು ಮಾಡಿಯೇ ಸಿದ್ಧ! ಹತ್ತು ಕಿಲೋ ಇಡಿಸಿದರು, ಹತ್ತು ತೋರಿಸಿತು. ಇಪ್ಪತ್ತಕ್ಕೆ ಇಪ್ಪತ್ತು. ಮೇಲೆ ನೂರು ಗ್ರಾಂ ಇಟ್ಟರೆ ಅದನ್ನೂ ಬಿಡಲಿಲ್ಲ. ಯಜಮಾನರ ಮುಖ ಹುಳ್ಳಗಾಯಿತು.

ಸಿಸ್ಟರ್ ಕುರ್ಚಿ ಎಳೆದುಕೊಂಡು ಕೂತರು. "ನೀರು ಬಿಡಿ. ನಿನ್ನೆ ಬೇರೆ ಏನೇನು ಗಂಟಲಿಗಿಳಿಸಿದ್ರಿ?"

"ಟೀ ಐದು ಸಲ. ಊಟಕ್ಕೆ ಒಂದು ಬಟ್ಟಲು ಸೂಪು. ಸೆಕೆ ಅಂತ ಅರ್ಧ ಕಲ್ಲಂಗಡಿ."

"ಅದೆಲ್ಲ ಏನು, ಮರದ ಪುಡಿಯಾ?"

"ನೀವು ನೀರು ಕಡಿಮೆ ಮಾಡಿ ಅಂದ್ರಿ. ಟೀ ಅಂತ ಯಾವಾಗ ಅಂದ್ರಿ?"

ಸೂಜಿ ಚುಚ್ಚಿಸಿಕೊಂಡು ಮಲಗಿದ್ದವರೆಲ್ಲ ಗೊಳ್ಳೆಂದು ನಕ್ಕರು. "ಅಯ್ಯೋ, ಟೀ ಮಾಡಿಕೊಟ್ಟಿದ್ದೂ ನಾನೇ ಅಲ್ವಾ!" ಎಂದು ಹೆಂಡತಿ ಹಣೆ ಚಚ್ಚಿಕೊಂಡರು.

"ಹೆಚ್ಚಾದ ನೀರನ್ನ ಹೊರಗೆ ಕಳಿಸೋದು ಕಿಡ್ನಿ ಕೆಲಸ," ಎಂದರು ಸಿಸ್ಟರ್. "ನಿಮ್ಮದು ಕೈಕಟ್ಟಿ ಕೂತಿದೆ. ನೀರು ಯಾವ ಹೆಸರಲ್ಲಿ ಹೋದ್ರೂ ಒಳಗೇ ಉಳಿಯುತ್ತೆ. ಎರಡು ದಿನದ ನೀರನ್ನ ಈ ಡಯಾಲಿಸಿಸ್ ಯಂತ್ರ ನಾಲ್ಕೇ ಗಂಟೇಲಿ ಎಳೆದ್ರೆ ನಿಮ್ಮ ಕಾಲು ಸೆಟೆದುಕೊಳ್ಳದೆ ಇರುತ್ತಾ? ಉಪ್ಪೂ ಕಡಿಮೆ ಮಾಡಿ, ಬಾಯಾರಿಕೆ ತಾನಾಗಿ ಇಳಿಯುತ್ತೆ. ಕಲ್ಲಂಗಡಿ ಅಂತೂ ಬೇಡ್ವೇ ಬೇಡ."

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ಬೆಳಿಗ್ಗೆ ದಿನದ ಪಾಲಿನ ನೀರನ್ನೆಲ್ಲ ಒಂದು ಬಾಟಲಿಗೆ ತುಂಬಿಸಿಡುವುದು. ಯಜಮಾನರು ಟೀ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ಕಿಟಕಿಯ ಗಿಡಕ್ಕೆ ಸುರಿಯುವುದು. ಮೊದಲ ವಾರ ಗಿಡ ಕೊಬ್ಬಿತು, ಇವರು ಗೊಣಗಿದರು. ತೂಕದ ಏರಿಕೆ ಎರಡೂವರೆಗೆ ಇಳಿಯಿತು, ಆಮೇಲೆ ಎರಡಕ್ಕೆ, ಕೊನೆಗೆ ಒಂದು ಕಿಲೋ ಎಂಟುನೂರಕ್ಕೆ. ಡಾಕ್ಟರು ಮರುಮಾತಿಲ್ಲದೆ ಪತ್ರ ಬರೆದುಕೊಟ್ಟರು.

ಅವರು ತಲುಪುವಷ್ಟರಲ್ಲಿ ಮೊಮ್ಮಗಳು ಹುಟ್ಟಿ ಒಂದು ದಿನವಾಗಿತ್ತು. ಯಜಮಾನರು ಚೀಲದಿಂದ ತಮ್ಮ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ತೆಗೆದು, ಟವೆಲ್ ಹಾಸಿ, ಕೂಸನ್ನು ಮಲಗಿಸಿದರು. "ಅಪ್ಪಾ, ಇದೂ ಅಂಗಡಿನಾ?" ಎಂದು ಮಗಳು ರೇಗಿಸಿದಳು.

ಮೂರು ಕಿಲೋ ಇನ್ನೂರು. ಯಜಮಾನರು ಎರಡು ಸಲ ಓದಿದರು. ಆಮೇಲೆ ಕೂಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೆಂಡತಿಯ ಕಡೆ ತಿರುಗಿದರು. ಯಜಮಾನರ ಕಣ್ಣು ತುಂಬಿತ್ತು.

"ಲೇ, ಇಷ್ಟು ಭಾರಾನಾ ನಾನು ಒಳಗೆ ಹೊತ್ಕೊಂಡು ತಿರುಗ್ತಿದ್ದದ್ದು?"

ಹೆಂಡತಿ ಉತ್ತರ ಕೊಡುವ ಮೊದಲೇ ಅಂಗಿ ಬೆಚ್ಚಗಾಯಿತು. ಕೂಸು ಧಾರಾಳವಾಗಿ ಉಚ್ಚೆ ಹೊಯ್ದಿತ್ತು. ಮಗಳು ಕೂಸಿಗೆ ಕೈ ಚಾಚಿದಳು, ಯಜಮಾನರು ಕೊಡಲೊಲ್ಲರು. ಒದ್ದೆ ಅಂಗಿಯಲ್ಲೇ ಕೋಣೆ ತುಂಬ ನಕ್ಕರು.

"ನನಗೆ ನಾಲ್ಕು ಗಂಟೆ ಬೇಕು ಕಣೇ! ಇವಳು ನೋಡು, ಒಂದೇ ನಿಮಿಷಕ್ಕೆ ಮುಗಿಸಿಬಿಟ್ಳು!"